ಈ ಮನೆ ಎಷ್ಟು ಜನರದು?

ಬೀದರ್ ಜಿಲ್ಲೆಯ ಹಲಬರ್ಗಾದಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದರೆ ನೋಡಲು ಬಂದವರ ಪ್ರಶ್ನೆಗಳು ಹೆಚ್ಚುಕಡಿಮೆ ಗೊತ್ತಿರುವವೇ. ತಲೆಬಾಗಿಲು ಯಾವ ದಿಕ್ಕಿಗೆ, ಖೋಲಿ ಎಷ್ಟು, ಸ್ಲ್ಯಾಬು ಸೋರುತ್ತದೆಯೇ, ಬೋರಿಗೆ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆಯೇ, ಓಣಿಯೊಳಗೆ ಟ್ರ್ಯಾಕ್ಟರ್ ತಿರುಗುತ್ತದೆಯೇ. ಮಾತು ಕುದುರಿದ ಮೇಲೆ ಇ-ಸ್ವತ್ತಿನ ನಮೂನೆ 9, ನಮೂನೆ 11 ಹೊರಗೆ ಬರುತ್ತವೆ. ಚೆಕ್ಕುಬಂದಿ ಓದುತ್ತಾರೆ, ಭಾಲ್ಕಿಯ ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಹಿತ್ತಲಿನಲ್ಲಿ ಶಹಾಬಾದಿ ಫರಸಿ ಹೊದಿಸಿದ ಚೌಕವೊಂದಿರುತ್ತದೆ. ಅದರ ಮೇಲೆಯೇ ನಿಂತು ಚೌಕಾಶಿ ನಡೆದರೂ ಕೆಳಗೆ ಏನಿದೆ ಎಂದು ಕೇಳುವವರು ಅಪರೂಪ.

ಕೇಳಲೇಬೇಕು. ಆ ಮನೆಯಲ್ಲಿ ನೆಮ್ಮದಿಯಾಗಿ ಎಷ್ಟು ಮಂದಿ ಬಾಳಬಹುದು ಎಂಬುದನ್ನು ನಿರ್ಧರಿಸುವುದು ಮೇಲಿನ ಖೋಲಿಗಳಲ್ಲ, ಫರಸಿಯ ಕೆಳಗಿನ ಸೆಪ್ಟಿಕ್ ಟ್ಯಾಂಕು ಮತ್ತು ಅದರಾಚೆಗಿನ ಮಣ್ಣು. ಖೋಲಿಯ ಮೇಲೆ ಖೋಲಿ ಏರಿಸಬಹುದು. ನೆಲ ಕುಡಿಯುವ ನೀರಿಗೆ ಮಾತ್ರ ಒಂದು ಮಿತಿ ಇದ್ದೇ ಇದೆ.

ಟ್ಯಾಂಕಿನ ಕೆಲಸ ಹೊಲಸು ನೀರನ್ನು ಕದಲದಂತೆ ನಿಲ್ಲಿಸುವುದು. ಶೌಚಾಲಯದ ನೀರು ಒಂದೆರಡು ದಿನ ಅಲುಗಾಡದೆ ನಿಂತರೆ ಭಾರವಾದದ್ದು ತಳಕ್ಕಿಳಿದು ಕೆಸರಾಗುತ್ತದೆ, ಜಿಡ್ಡು ಮೇಲೇರಿ ದಪ್ಪ ಪದರ ಕಟ್ಟುತ್ತದೆ, ನಡುವೆ ಮಬ್ಬು ನೀರು ಉಳಿಯುತ್ತದೆ. ಆ ನಡುವಿನ ನೀರಷ್ಟೇ ಹೊರಹೋಗಲಿ ಎಂದು ಎರಡೂ ತುದಿಗೆ ಕೆಳಕ್ಕೆ ಬಾಗಿದ ಪೈಪು ಕೂರಿಸುತ್ತಾರೆ. ತಳದ ಕೆಸರನ್ನು ಗಾಳಿ ಬೇಡದ ಬ್ಯಾಕ್ಟೀರಿಯಾಗಳು ನಿಧಾನವಾಗಿ ಕೊಳೆಸಿ ಮೀಥೇನ್, ಇಂಗಾಲದ ಡೈಆಕ್ಸೈಡ್ ಮತ್ತು ಸ್ವಲ್ಪ ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಫ್ರಾನ್ಸಿನ ವೆಸೂಲ್ ಪಟ್ಟಣದ ಜಾನ್ ಲೂಯಿ ಮುರಾಸ್ 1860ರ ಹೊತ್ತಿಗೆ ಇಂಥದ್ದೊಂದು ತೊಟ್ಟಿ ಕಟ್ಟಿಸಿದ್ದ. ವರ್ಷಗಟ್ಟಲೆ ಬಳಸಿದ ಮೇಲೆ ತೆರೆದು ನೋಡಿದರೆ ಅಂದಾಜು ಮಾಡಿದ್ದಕ್ಕಿಂತ ಎಷ್ಟೋ ಕಡಿಮೆ ಕೆಸರು ಕಂಡಿತು. 1881ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಡೊನಾಲ್ಡ್ ಕ್ಯಾಮೆರಾನ್ 1895ರಲ್ಲಿ ಇದನ್ನು ದೊಡ್ಡದಾಗಿ ಕಟ್ಟಿ ಸೆಪ್ಟಿಕ್ ಟ್ಯಾಂಕ್ ಎಂದು ಕರೆದ. ಆ ಹೆಸರೇ ಹಲಬರ್ಗಾದ ಗೌಂಡಿಯ ಬಾಯಿಯವರೆಗೂ ಬಂದಿದೆ.

ಆದರೆ ಟ್ಯಾಂಕಿನಿಂದ ಹೊರಬೀಳುವ ನೀರು ಶುದ್ಧವಾಗಿರುವುದಿಲ್ಲ. ಕೊಳೆಯ ಭಾರ ಸುಮಾರು ಅರ್ಧದಷ್ಟು ಇಳಿದಿರಬಹುದು, ರೋಗಾಣುಗಳು ಬಹುಪಾಲು ಹಾಗೆಯೇ ಇರುತ್ತವೆ. ಉಳಿದರ್ಧ ಕೆಲಸ ಮಾಡಬೇಕಾದದ್ದು ಇಂಗುಗುಂಡಿಯ ಸುತ್ತಲ ಮಣ್ಣು. ನಮ್ಮ ಬಹಳಷ್ಟು ಊರುಗಳಲ್ಲಿ ಆ ಅರ್ಧವನ್ನೇ ಬಿಟ್ಟು ಪೈಪನ್ನು ನೇರ ಚರಂಡಿಗೆ ತಿರುಗಿಸಿದ್ದಾರೆ, ಇಲ್ಲವೇ ಸಿಮೆಂಟ್ ರಿಂಗು ಇಳಿಸಿದ ತಳವಿಲ್ಲದ ಗುಂಡಿಗೇ ಸೆಪ್ಟಿಕ್ ಟ್ಯಾಂಕ್ ಎಂದು ಹೆಸರಿಟ್ಟಿದ್ದಾರೆ.

ಎಷ್ಟು ಜನಕ್ಕೆ ಎಷ್ಟು ದೊಡ್ಡ ಟ್ಯಾಂಕು ಬೇಕು ಎಂಬುದಕ್ಕೆ ಭಾರತದಲ್ಲಿ ಲಿಖಿತ ಅಳತೆ ಇದೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 2470, 1985ರಲ್ಲಿ ಪರಿಷ್ಕೃತವಾದದ್ದು. ಐದು ಜನ ಬಳಸುವ ಟ್ಯಾಂಕು ಒಳಗಡೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ ಇರಬೇಕು, ವರ್ಷಕ್ಕೊಮ್ಮೆ ಕೆಸರು ತೆಗೆಸುವುದಾದರೆ ಅದರಲ್ಲಿ ಒಂದು ಮೀಟರ್ ಆಳ ನೀರು ನಿಲ್ಲಬೇಕು. ಹತ್ತು ಜನಕ್ಕಾದರೆ ಉದ್ದ ಎರಡು ಮೀಟರ್, ಅಗಲ 90 ಸೆಂಟಿಮೀಟರ್. ಹತ್ತು ಜನರ ಈ ಟ್ಯಾಂಕಿನ ಕೆಸರನ್ನು ಎರಡು ವರ್ಷಕ್ಕೊಮ್ಮೆ ತೆಗೆಸುವವರು ಆಳವನ್ನು 1.4 ಮೀಟರಿಗೆ ಹೆಚ್ಚಿಸಬೇಕು. ಈ ಕೋಷ್ಟಕ ಎಣಿಸುವುದು ತಲೆಗಳನ್ನು. ಅಲ್ಲಿ ಖೋಲಿಯ ಮಾತೇ ಇಲ್ಲ.

ಐದು ಜನರ ಟ್ಯಾಂಕು ಹಿಡಿಯುವುದು 1,125 ಲೀಟರ್. ಒಬ್ಬರಿಂದ ವರ್ಷಕ್ಕೆ ಸುಮಾರು 70-75 ಲೀಟರ್ ಕೆಸರು ಕೂಡುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಹಾಗಾದರೆ ಐದು ಜನ ಮೂರು ವರ್ಷ ಬಳಸಿ ಒಮ್ಮೆಯೂ ತೆಗೆಸದಿದ್ದರೆ ಟ್ಯಾಂಕು ಬಹುತೇಕ ಕೆಸರಿನಿಂದಲೇ ತುಂಬುತ್ತದೆ. ನೀರು ನಿಲ್ಲಲು ಜಾಗವೇ ಇರುವುದಿಲ್ಲ. ಅದೇ ಮನೆಗೆ ಮೇಲೊಂದು ಅಂತಸ್ತು ಎದ್ದು ಹತ್ತು ಜನರಾದರೆ ಒಂದೂವರೆ ವರ್ಷ ಸಾಕು. ಮೇಲೆ ಕಟ್ಟುವವರು ಕಂಬದ ಕಬ್ಬಿಣವನ್ನು ಹತ್ತು ಸಲ ಲೆಕ್ಕ ಹಾಕುತ್ತಾರೆ, ಹೊಸ ಶೌಚಾಲಯದ ಪೈಪನ್ನು ಮಾತ್ರ ಹಳೆಯ ಟ್ಯಾಂಕಿಗೇ ಜೋಡಿಸಿಬಿಡುತ್ತಾರೆ.

ಇದಕ್ಕೆ ನೀರಿನ ಲೆಕ್ಕವೂ ಸೇರಬೇಕು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನಲ್ಲಿ ನೀರಿನ ಗುರಿ ಇಟ್ಟುಕೊಂಡಿದೆ. ಬಹಳ ಒಳ್ಳೆಯ ಕೆಲಸ. ಆದರೆ ಕೊಡ ಹೊತ್ತು ತಂದು ಎರಡು ತಂಬಿಗೆ ಸುರಿಯುತ್ತಿದ್ದ ಕಾಲಕ್ಕೆ ತೋಡಿದ ಗುಂಡಿಗೆ ಈಗ ಫ್ಲಶ್ ತೊಟ್ಟಿಯ ನೀರು ಬೀಳುತ್ತಿದೆ, ಕೆಲವು ಮನೆಗಳಲ್ಲಿ ಬಚ್ಚಲಿನದೂ ಬಟ್ಟೆ ತೊಳೆಯುವ ಯಂತ್ರದ್ದೂ ಅಲ್ಲಿಗೇ ಹೋಗುತ್ತದೆ. ಒಳಬಂದ ನೀರೆಲ್ಲ ಎಲ್ಲಿಯಾದರೂ ಹೊರಹೋಗಲೇಬೇಕು.

ಇನ್ನು ಮಣ್ಣಿನ ಮಾತು. ಬೀದರ್ ಜಿಲ್ಲೆಯಲ್ಲಿ ಈ ವಿಷಯ ಬೇರೆಲ್ಲಿಗಿಂತ ಹೆಚ್ಚು ಸ್ವಾರಸ್ಯದ್ದು, ಹೆಚ್ಚು ಅಪಾಯದ್ದೂ ಹೌದು. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಹಾಸಿನ ಮೇಲೆ. ಕೋಟೆಯ ಕಂದಕವನ್ನು ಕಡಿದದ್ದು ಆ ಕೆಂಪು ಕಲ್ಲಿನಲ್ಲೇ. ಅದರ ಅಡಿಯಲ್ಲಿ ಕಪ್ಪು ಬಸಾಲ್ಟ್ ಶಿಲೆ. ಜಂಬಿಟ್ಟಿಗೆಯ ತುಂಬ ತೂತು, ಕೊಳವೆ, ಪೊಳ್ಳು. ಮಳೆನೀರು ಅದರೊಳಗೆ ಸಲೀಸಾಗಿ ಇಳಿದು, ಕೆಳಗಿನ ಗಟ್ಟಿ ಪದರ ತಡೆದಲ್ಲಿ ಅಡ್ಡಡ್ಡ ಹರಿದು ಅಂಚಿನಲ್ಲಿ ಚಿಲುಮೆಯಾಗಿ ಹೊಮ್ಮುತ್ತದೆ. ನಾನಕ್ ಝೀರಾ ಗುರುದ್ವಾರದ ನೀರು, ಭಕ್ತರು ಎದೆಮಟ್ಟದ ನೀರಲ್ಲಿ ನಡೆದುಹೋಗುವ ಝರಣಿ ನರಸಿಂಹನ ಗುಹೆ, ಎರಡಕ್ಕೂ ಈ ಕಲ್ಲಿನದೇ ಕೊಡುಗೆ. ಬಹಮನಿ ಕಾಲದವರು ಈ ಗುಣ ಅರಿತೇ ಬೀದರ್ ಪಕ್ಕದ ನೌಬಾದಿನಲ್ಲಿ ನೆಲದೊಳಗೆ ಕರೇಜ್ ಸುರಂಗ ಕೊರೆದು ಊರಿಗೆ ನೀರು ತಂದರು.

ಭಾಲ್ಕಿ, ಔರಾದ್ ಕಡೆ ಇಳಿದಂತೆ ಎರೆ ಭೂಮಿ ಹೆಚ್ಚುತ್ತದೆ. ಬಸಾಲ್ಟ್ ಸವೆದು ಆದ ಈ ಕಪ್ಪು ಮಣ್ಣಿನ ಜೇಡಿಯಲ್ಲಿ ಸ್ಮೆಕ್ಟೈಟ್ ಜಾತಿಯ ಖನಿಜಗಳಿವೆ. ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟ ಹೊಲ ಶ್ರಾವಣದಲ್ಲಿ ಬಿರುಕೆಲ್ಲ ಮುಚ್ಚಿಕೊಂಡು ಒಂದು ಹನಿಯನ್ನೂ ಒಳಗೆ ಬಿಡದಂತೆ ಬಿಗಿಯುತ್ತದೆ.

ಈ ಎರಡು ಮಣ್ಣುಗಳೂ ಮನೆ ಕೊಳ್ಳುವವರನ್ನು ಮೋಸಗೊಳಿಸುತ್ತವೆ, ಒಂದೊಂದು ಒಂದೊಂದು ಬಗೆಯಲ್ಲಿ. ಜಂಬಿಟ್ಟಿಗೆಯ ಮೇಲಿನ ಮನೆಯವರು ಹೆಮ್ಮೆಯಿಂದ ಹೇಳುವ ಮಾತೊಂದಿದೆ: ‘ಇಪ್ಪತ್ತು ವರ್ಷ ಆಯ್ತು ನೋಡ್ರಿ, ಒಮ್ಮೆನೂ ತುಂಬಿಲ್ಲ.’ ತುಂಬದ ಟ್ಯಾಂಕು ಒಳ್ಳೆಯ ಟ್ಯಾಂಕು ಎಂದು ಕೇಳಿದವರೂ ನಂಬುತ್ತಾರೆ. ಬಳಕೆಯಲ್ಲಿರುವ ಟ್ಯಾಂಕು ಇಪ್ಪತ್ತು ವರ್ಷ ತುಂಬದೆ ಇದ್ದರೆ ಅದು ಕೆಳಗಿನಿಂದ ಸೋರುತ್ತಿದೆ ಎಂದೇ ಅನುಮಾನಿಸಬೇಕು. ಸೋರಿದ್ದು ಕಲ್ಲಿನ ಪೊಳ್ಳುಗಳಲ್ಲಿ ಸೋಸದೆ ಹರಿದು ಯಾರದೋ ಬಾವಿಯನ್ನೋ ಬೋರನ್ನೋ ಸೇರುತ್ತದೆ. ಎರೆಯ ಮನೆಯದು ಇದಕ್ಕೆ ವಿರುದ್ಧ. ಬೇಸಿಗೆಯಲ್ಲಿ ನೋಡಲು ಹೋದವರಿಗೆ ಎಲ್ಲವೂ ಸರಿ ಕಾಣುತ್ತದೆ, ಹಾಕಿದಷ್ಟು ನೀರನ್ನೂ ಬಿರುಕುಗಳು ನುಂಗುತ್ತವೆ. ಮಳೆ ಹಿಡಿದ ಮೇಲೆ ಇಂಗುಗುಂಡಿ ತುಂಬಿ ಶೌಚಾಲಯದ ನೀರು ಕೆಳಗಿಳಿಯದೆ ನಿಲ್ಲುತ್ತದೆ.

ಮಣ್ಣು ಎಷ್ಟು ಕುಡಿಯುತ್ತದೆ ಎಂದು ಅಳೆಯುವ ವಿಧಾನವನ್ನೂ ಐಎಸ್ 2470 ಹೇಳುತ್ತದೆ. ಇಂಗುಗುಂಡಿ ಬರುವ ಆಳಕ್ಕೆ ಒಂದು ಸಣ್ಣ ಕುಳಿ ತೋಡಿ, ನೀರು ತುಂಬಿ ರಾತ್ರಿಯಿಡೀ ನೆನೆಸಬೇಕು. ಮರುದಿನ ಮತ್ತೆ ನೀರು ಹೊಯ್ದು, ಅದು 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕು ಎಂದು ನೋಡಬೇಕು. ಮೂವತ್ತು ನಿಮಿಷದೊಳಗಾದರೆ ಇಂಗುಗುಂಡಿ ಸಾಕು. ಮೂವತ್ತರಿಂದ ಅರವತ್ತಾದರೆ ಗುಂಡಿಗಿಂತ ಉದ್ದನೆಯ ಇಂಗುಕಾಲುವೆ ಬೇಕು. ಅರವತ್ತು ದಾಟಿದರೆ ಆ ಮಣ್ಣನ್ನು ನೆಚ್ಚುವಂತಿಲ್ಲ, ಬೇರೆ ಸೋಸುವ ವ್ಯವಸ್ಥೆ ಮಾಡಬೇಕು. ಎರೆ ಭೂಮಿಯಲ್ಲಿ ಆ ರಾತ್ರಿಯ ನೆನೆಯುವಿಕೆಯನ್ನು ತಪ್ಪಿಸಿ ಅಳೆದರೆ ಸಿಗುವುದು ಬಿರುಕಿನ ಅಳತೆ, ಮಣ್ಣಿನದಲ್ಲ.

ಅಳತೆಯಿಂದ ಜಾಗದ ಲೆಕ್ಕಕ್ಕೆ ಹೋಗಲು ಒಂದು ಸೂತ್ರವಿದೆ: 204ನ್ನು ನಿಮಿಷಗಳ ವರ್ಗಮೂಲದಿಂದ ಭಾಗಿಸಿದರೆ ಒಂದು ಚದರ ಮೀಟರ್ ಮಣ್ಣು ದಿನಕ್ಕೆ ಕುಡಿಯುವ ಲೀಟರುಗಳು ಸಿಗುತ್ತವೆ. ಇಪ್ಪತ್ತೈದು ನಿಮಿಷದ ಮಣ್ಣಿಗೆ ಸುಮಾರು 41 ಲೀಟರ್. ತಲೆಗೆ ದಿನಕ್ಕೆ 55 ಲೀಟರಿನಂತೆ ಐದು ಜನರ 275 ಲೀಟರಿಗೆ ಏಳು ಚದರ ಮೀಟರಿನಷ್ಟು ಇಂಗುವ ಮೈ ಬೇಕು, ಹತ್ತು ಜನರಿಗೆ ಅದರ ಎರಡರಷ್ಟು. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ, ಮೆಟ್ಟಿಲು, ಬೈಕು ನಿಲ್ಲಿಸುವ ಜಾಗ ಹೋಗಿ ಉಳಿಯುವ ಹಿತ್ತಲಿನಲ್ಲಿ ಅಷ್ಟು ಹೊಂದಿಸುವುದೇ ಕಷ್ಟ.

ಅದೇ ಸೈಟಿನ ಮೇಲೆ ಇನ್ನೊಂದು ಲೆಕ್ಕ ಮಾಡಬೇಕು. ಇಂಗುವ ವ್ಯವಸ್ಥೆ ಕುಡಿಯುವ ನೀರಿನ ಮೂಲದಿಂದ 18 ಮೀಟರಿಗಿಂತ ಹತ್ತಿರ ಇರಬಾರದು ಎಂದು ಮಾನಕ ಹೇಳುತ್ತದೆ. ಮೂವತ್ತಡಿ ಅಗಲ, ನಲವತ್ತಡಿ ಉದ್ದದ ಸೈಟಿನಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ ಐವತ್ತಡಿ. ಮೀಟರಿನಲ್ಲಿ 15.24. ಈಶಾನ್ಯದ ತುದಿಯಲ್ಲಿ ಬೋರು, ನೈಋತ್ಯದ ತುದಿಯಲ್ಲಿ ಗುಂಡಿ ಇಟ್ಟರೂ 18 ಮೀಟರ್ ಆಗುವುದಿಲ್ಲ. ಆ ಅಳತೆಯ ಸೈಟುಗಳನ್ನು ಸಾಲಾಗಿ ಬಿಡಿಸಿ, ಪ್ರತಿ ಮನೆಗೂ ಸ್ವಂತ ಬೋರು, ಸ್ವಂತ ಗುಂಡಿ ಮಾಡಿಕೊಂಡ ಬಡಾವಣೆಯಲ್ಲಿ ಯಾರೊಬ್ಬರೂ ಮಾನಕವನ್ನು ಪಾಲಿಸಲು ಸಾಧ್ಯವೇ ಇಲ್ಲ. ತನ್ನ ಗುಂಡಿ ತನ್ನ ಬೋರಿನಿಂದ ದೂರವಿದ್ದರೆ ಪಕ್ಕದ ಮನೆಯ ಬೋರಿಗೆ ಹತ್ತಿರವಿರುತ್ತದೆ. ಹೀಗೆ ಹೊಲಸು ಸೇರಿದ ಬೋರಿನ ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಹೊಲಸಿನಿಂದ ಬಂದ ನೈಟ್ರೇಟ್ ಹೋಗುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟನ್ನು ಮಿತಿಯಾಗಿ ಇಟ್ಟಿದೆ. ಅದಕ್ಕಿಂತ ಬಹಳ ಹೆಚ್ಚಾದರೆ ಹಸುಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು.

ಮನೆ ಮಾರುವಾಗ ಈ ಲೆಕ್ಕವನ್ನು ಕಾನೂನೇ ಕೇಳುವ ನಾಡುಗಳಿವೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1995ರಿಂದ ‘ಟೈಟಲ್ ಫೈವ್’ ಎಂಬ ನಿಯಮದ ಈಗಿನ ರೂಪ ಜಾರಿಯಲ್ಲಿದೆ. ಬಾಸ್ಟನ್ ಸುತ್ತಿನ ಒಳಚರಂಡಿ ಇಲ್ಲದ ಊರುಗಳಲ್ಲಿ ಮನೆ ಕೊಳ್ಳುವ ಕನ್ನಡ ಕುಟುಂಬಗಳಿಗೂ ಇದು ತಪ್ಪಿದ್ದಲ್ಲ. ಸೆಪ್ಟಿಕ್ ವ್ಯವಸ್ಥೆಯ ಮನೆ ಕೈ ಬದಲಾಗುವ ಮುಂಚಿನ ಎರಡು ವರ್ಷದೊಳಗೆ ಪರವಾನಗಿ ಪಡೆದ ತಪಾಸಣೆಗಾರ ಮುಚ್ಚಳ ತೆರೆದು ನೋಡಿ ವರದಿ ಕೊಟ್ಟಿರಬೇಕು. ಅಲ್ಲಿ ಎಣಿಸುವುದು ಮಲಗುವ ಕೋಣೆಗಳನ್ನು. ಕೋಣೆಗೆ ದಿನಕ್ಕೆ 110 ಗ್ಯಾಲನ್, ಅಂದರೆ ಸುಮಾರು 416 ಲೀಟರ್. ಒಂದೇ ಕೋಣೆಯ ಮನೆಯಾದರೂ ಸಾಮಾನ್ಯವಾಗಿ ಮೂರು ಕೋಣೆಯದೆಂದೇ ಹಿಡಿಯುತ್ತಾರೆ. ಕನಿಷ್ಠ 1,500 ಗ್ಯಾಲನ್ ಟ್ಯಾಂಕು ಬೇಕು. ಸುಮಾರು 5,700 ಲೀಟರ್ ಆಯಿತು, ನಮ್ಮ ಐದು ಜನರ ಟ್ಯಾಂಕಿನ ಐದು ಪಟ್ಟು. ಅಡುಗೆ, ಸ್ನಾನ, ಬಟ್ಟೆ ಎಲ್ಲದರ ನೀರೂ ಒಂದೇ ಟ್ಯಾಂಕಿಗೆ ಹೋಗುವ ಊರು ಅದು.

ಯಾವುದು ಮಲಗುವ ಕೋಣೆ ಎಂಬುದಕ್ಕೂ ಅಲ್ಲಿ ವ್ಯಾಖ್ಯೆಯಿದೆ: ಕನಿಷ್ಠ 70 ಚದರ ಅಡಿ ನೆಲ, ಕಿಟಕಿ, ಬೆಳಕು, ಮರೆ. ಮಾಲೀಕರು ‘ಓದುವ ಕೋಣೆ’ ಎಂದು ಹೆಸರಿಟ್ಟು ತಪ್ಪಿಸಿಕೊಳ್ಳದಂತೆ ಎಂಟಕ್ಕಿಂತ ಹೆಚ್ಚು ಕೋಣೆಗಳಿದ್ದರೆ ಒಟ್ಟು ಸಂಖ್ಯೆಯ ಅರ್ಧವನ್ನು ಮಲಗುವ ಕೋಣೆ ಎಂದು ಭಾವಿಸುವ ಸೂತ್ರವನ್ನೂ ಸೇರಿಸಿದ್ದಾರೆ. ಟ್ಯಾಂಕು ಚಿಕ್ಕದಿದ್ದರೆ ‘ಈ ಮನೆಗೆ ಇಷ್ಟೇ ಮಲಗುವ ಕೋಣೆ’ ಎಂದು ಕ್ರಯಪತ್ರಕ್ಕೇ ಅಂಟುವ ನಿರ್ಬಂಧ ಬರೆಸಬಹುದು. ಉತ್ತರ ಕೆರೊಲಿನಾದಲ್ಲಿ ಕೋಣೆಗೆ 120 ಗ್ಯಾಲನ್. ಮೂರು ಕೋಣೆಗೆ ಪರವಾನಗಿ ಪಡೆದ ಟ್ಯಾಂಕಿನ ಮನೆಯನ್ನು ನಾಲ್ಕು ಕೋಣೆಯದೆಂದು ಜಾಹೀರಾತು ಕೊಡುವ ದಲ್ಲಾಳಿಗಳಿಗೆ ಆ ರಾಜ್ಯದ ರಿಯಲ್ ಎಸ್ಟೇಟ್ ಆಯೋಗ ಎಚ್ಚರಿಕೆ ಕೊಡುತ್ತಲೇ ಬಂದಿದೆ. ಇಂಗ್ಲೆಂಡಿನವರು ಕೋಣೆಯಿಂದ ತಲೆಗೆ ಪರಿವರ್ತಿಸುತ್ತಾರೆ: ಮೂರು ಮಲಗುವ ಕೋಣೆಯವರೆಗೆ ಐದು ಜನ, ಅದರ ಮೇಲೆ ಕೋಣೆಗೊಬ್ಬರು. 2015ರ ನಿಯಮಗಳ ಪ್ರಕಾರ ಅಲ್ಲಿ ಮಾರುವವರು ಟ್ಯಾಂಕಿನ ವಿವರವನ್ನು ಕೊಳ್ಳುವವರಿಗೆ ಬರಹದಲ್ಲಿ ಕೊಡಬೇಕು.

ಕೋಣೆಯನ್ನೇ ಏಕೆ ಎಣಿಸುತ್ತಾರೆ ಎಂಬುದಕ್ಕೆ ಗಟ್ಟಿ ಕಾರಣವಿದೆ. ಇಂದು ಇಬ್ಬರೇ ಇರುವ ಮನೆಯನ್ನು ನಾಳೆ ಆರು ಜನರ ಕುಟುಂಬ ಕೊಳ್ಳಬಹುದು. ಜನ ಬಂದು ಹೋಗುತ್ತಾರೆ, ಗೋಡೆ ನಿಲ್ಲುತ್ತದೆ.

ಆದರೆ ಈ ಅಳತೆಗೋಲನ್ನು ಹಾಗೆಯೇ ಹಲಬರ್ಗಾಕ್ಕೆ ತಂದರೆ ಕೆಲಸ ಮಾಡದು. ಇಲ್ಲಿ ಮಲಗುವುದಕ್ಕೆಂದೇ ಮೀಸಲಾದ ಕೋಣೆ ಎಷ್ಟು ಮನೆಗಳಲ್ಲಿದೆ? ಹಗಲು ಜೋಳದ ಚೀಲ ಇಟ್ಟ ಖೋಲಿಯಲ್ಲಿ ರಾತ್ರಿ ಹಾಸಿಗೆ ಬಿಚ್ಚುತ್ತಾರೆ. ಹಿರಿಯರು ಪಡಸಾಲೆಯಲ್ಲಿ, ಬೇಸಿಗೆಯಲ್ಲಿ ಗಂಡಸರು ಮಾಳಿಗೆಯ ಮೇಲೆ, ಅಂಗಳದಲ್ಲಿ ಹೊರಸು. ಎರಡು ಖೋಲಿಯ ಮನೆಯಲ್ಲಿ ಎಂಟು ಜನ ಇರುವುದು ಅಸಹಜವಲ್ಲ. ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋದ ಮಕ್ಕಳು ಎಳ್ಳ ಅಮಾವಾಸ್ಯೆಗೆ ಸಂಸಾರ ಸಮೇತ ಬಂದರೆ ನಾಲ್ಕು ಜನರ ಮನೆ ಹದಿನೈದರದಾಗುತ್ತದೆ. ಆ ಎರಡು-ಮೂರು ದಿನ ಒಮ್ಮೆಗೇ ನುಗ್ಗುವ ನೀರು ಟ್ಯಾಂಕಿನಲ್ಲಿ ನಿಲ್ಲಲು ಸಮಯ ಸಿಗದೆ ತಳದ ಕೆಸರನ್ನೂ ಕಲಕಿ ಇಂಗುಗುಂಡಿಗೆ ಹೊತ್ತೊಯ್ಯುತ್ತದೆ. ಮಣ್ಣಿನ ಸೂಕ್ಷ್ಮ ರಂಧ್ರಗಳು ಮುಚ್ಚುತ್ತವೆ, ಹಬ್ಬ ಮುಗಿದ ಮೇಲೂ ತೆರೆಯುವುದಿಲ್ಲ. ಬೀದರ್‌ನಲ್ಲಿ ಕಾಲೇಜು ಹುಡುಗರಿಗೆ ಬಾಡಿಗೆ ಕೊಟ್ಟ ಮನೆಗಳದು ವರ್ಷವಿಡೀ ಇದೇ ಪಾಡು.

ಹಾಗಾಗಿ ನಮ್ಮ ಮಾನಕ ತಲೆಗಳನ್ನು ಎಣಿಸಿದ್ದು ಸರಿಯಾಗಿಯೇ ಇದೆ. ಕೊರತೆ ಇರುವುದು ಎಣಿಸುವ ಗಳಿಗೆಯಲ್ಲಿ. ಟ್ಯಾಂಕು ಕಟ್ಟುವ ದಿನ ಯಾರೋ ಅಂದಾಜು ಮಾಡಿದ ಮೇಲೆ ಮತ್ತೆಂದೂ ಅದನ್ನು ಯಾರೂ ಕೇಳುವುದಿಲ್ಲ. 2011ರ ಜನಗಣತಿಯ ಮನೆಪಟ್ಟಿಯಲ್ಲಿ ವಾಸದ ಕೋಣೆಗಳೆಷ್ಟು, ಮನೆಯಲ್ಲಿ ದಂಪತಿಗಳೆಷ್ಟು, ಶೌಚಾಲಯ ಯಾವ ಬಗೆಯದು, ಸೆಪ್ಟಿಕ್ ಟ್ಯಾಂಕೋ ಗುಂಡಿಯೋ ಎಂದು ಕೇಳಿದ್ದರು. ಬೇಕಾದ ಪ್ರಶ್ನೆಗಳು ಒಂದೇ ಹಾಳೆಯಲ್ಲಿದ್ದವು. ಅವನ್ನು ಒಂದಕ್ಕೊಂದು ಜೋಡಿಸಿ ‘ಇಷ್ಟು ಜನಕ್ಕೆ ಈ ಟ್ಯಾಂಕು ಸಾಕೇ’ ಎಂದು ಕೇಳುವ ನಿಯಮ ಮಾತ್ರ ಇಲ್ಲ. ಸ್ವಚ್ಛ ಭಾರತ ಯೋಜನೆಯಲ್ಲಿ ₹12,000 ಪ್ರೋತ್ಸಾಹಧನದ ಶೌಚಾಲಯಗಳ ಫೋಟೊ ತೆಗೆದು ಜಿಯೋಟ್ಯಾಗ್ ಮಾಡಿದರು. ಫೋಟೊದಲ್ಲಿ ಕಾಣುವುದು ಬಾಗಿಲು.

ಕೊಳ್ಳುವವರ ಕೈಯಲ್ಲಿ ಹಳೆಯದೊಂದು ಕಾನೂನಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಂ ಪ್ರಕಾರ, ಮಾರುವವರಿಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ಮಾರುವವರೇ ಹೇಳಬೇಕು. ಪ್ರತಿ ಮಳೆಗಾಲ ಉಕ್ಕುವ, ಫರಸಿಯ ಕೆಳಗೆ ಅಡಗಿದ ಗುಂಡಿಗಿಂತ ಚೆನ್ನಾಗಿ ಆ ಮಾತಿಗೆ ಒಪ್ಪುವ ದೋಷ ಹುಡುಕುವುದು ಕಷ್ಟ. ಆದರೂ ಕರಾರು ಪತ್ರದಲ್ಲಿ ಬೋರು, ಮೀಟರು, ಗಿಡಮರಗಳೆಲ್ಲ ಬಂದು ಟ್ಯಾಂಕಿನ ಸಾಲೊಂದು ಬರುವುದಿಲ್ಲ.

ಚಿಕ್ಕ ಟ್ಯಾಂಕಿನ ಬೆಲೆಯನ್ನು ಕೊನೆಗೆ ತೆರುವವರು ಮನೆಯವರಷ್ಟೇ ಅಲ್ಲ, ಅದನ್ನು ಪದೇಪದೇ ತೆರೆಯಬೇಕಾದವರು. ಮುಚ್ಚಿದ ಟ್ಯಾಂಕಿನಲ್ಲಿ ಕೂಡಿದ ಹೈಡ್ರೋಜನ್ ಸಲ್ಫೈಡ್ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು ದಾಟಿದರೆ ಮೂಗು ಅದರ ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಇಲ್ಲವೆಂದು ಇಳಿದವನು ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಟ್ಯಾಂಕಿನೊಳಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ ಸತ್ತವರ ಕುಟುಂಬಕ್ಕೆ ₹10 ಲಕ್ಷ ಪರಿಹಾರ ಎಂದದ್ದನ್ನು 2023ರ ಅಕ್ಟೋಬರ್‌ನಲ್ಲಿ ₹30 ಲಕ್ಷಕ್ಕೆ ಏರಿಸಿತು. ಸಕ್ಕಿಂಗ್ ಮಷಿನ್ ಗಾಡಿಯ ಪೈಪು ತಲುಪುವಂತೆ, ಮುಚ್ಚಳ ಕೈಗೆ ಸಿಗುವಂತೆ ಟ್ಯಾಂಕು ಕಟ್ಟಿಸುವುದು ಒಂದು ಜೀವದ ಪ್ರಶ್ನೆ. ಅದರ ಮೇಲೆ ಅಡುಗೆಮನೆಯನ್ನೋ ಮೆಟ್ಟಿಲನ್ನೋ ಎತ್ತಿದ ಮನೆಗಳನ್ನು ಕೊಳ್ಳದಿರುವುದೇ ಒಳ್ಳೆಯದು.

ಗಾಡಿ ಹೀರಿದ್ದು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಕರ್ನಾಟಕದಲ್ಲೇ ದಾರಿ ತೋರಿದ ಊರು ದೇವನಹಳ್ಳಿ. ದೇಶದಲ್ಲಿ ಪಟ್ಟಣವೊಂದರ ಮಲಕೆಸರನ್ನು ಸಂಸ್ಕರಿಸುವ ಮೊದಲ ಘಟಕಗಳಲ್ಲಿ ಒಂದು ಅಲ್ಲಿ 2015ರಲ್ಲಿ ಶುರುವಾಯಿತು, ದಿನಕ್ಕೆ ಆರು ಸಾವಿರ ಲೀಟರ್ ಲೆಕ್ಕದಲ್ಲಿ. ಅಂಥ ಘಟಕ ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸಲು ಮೊದಲು ಬೇಕಾದದ್ದು ಸುತ್ತಲ ಊರುಗಳ ಟ್ಯಾಂಕುಗಳ ಲೆಕ್ಕ. ಅದು ಯಾವ ಪಂಚಾಯಿತಿಯ ದಾಖಲೆಯಲ್ಲಿಯೂ ಸುಲಭವಾಗಿ ಸಿಗುವಂತಿಲ್ಲ.

ಸಿಗುವಂತೆ ಮಾಡಲು ಹೊಸ ಇಲಾಖೆ ಬೇಕಿಲ್ಲ. ಮನೆ ಕೈ ಬದಲಾಗುವಾಗ ಎರಡೂ ಕಡೆಯವರು ಹೇಗೂ ಪಂಚಾಯಿತಿಗೆ ಬರುತ್ತಾರೆ. ಅದೇ ಹೊತ್ತಿಗೆ ಫರಸಿ ಸರಿಸಿ, ಒಂದು ಕೋಲು ಇಳಿಸಿ, ಟ್ಯಾಂಕಿನ ಉದ್ದ, ಅಗಲ, ಆಳ, ತಳ ಇದೆಯೋ ಇಲ್ಲವೋ, ಹೊರಹೋಗುವ ಪೈಪು ಇಂಗುಗುಂಡಿಗೋ ಚರಂಡಿಗೋ, ಕೊನೆಯ ಸಲ ಕೆಸರು ತೆಗೆಸಿದ ವರ್ಷ, ಹತ್ತಿರದ ಬೋರಿಗೆ ಎಷ್ಟು ಮೀಟರ್ ಎಂದು ಬರೆದುಕೊಂಡರೆ ಅರ್ಧ ಗಂಟೆಯ ಕೆಲಸ. ನಮೂನೆ 9ರಲ್ಲಿ ಆಸ್ತಿಯ ಅಳತೆ ಈಗಾಗಲೇ ಇದೆ. ಅದರ ಕೆಳಗೆ ಇದಕ್ಕೊಂದು ಸಾಲು, ಆ ಸಾಲಿನ ಕೊನೆಗೆ ಒಂದು ಅಂಕಿ: ಈ ಟ್ಯಾಂಕು ಐದು ಜನಕ್ಕೆ, ಅಥವಾ ಹತ್ತು ಜನಕ್ಕೆ.